ಬೀಗದ ಒಳಗುಟ್ಟು

ಮನೆಯೆಂದ ಮೇಲೆ ಬಾಗಿಲು, ಬಾಗಿಲೆಂದ ಮೇಲೆ ಬೀಗ. ಬೀಗವನ್ನು ಹಾಕಿ, ಒಮ್ಮೆ ಜಗ್ಗಿ ನೋಡಿ, ಬೀಗದಕೈಯನ್ನು ಭದ್ರಪಡಿಸಿಕೊಂಡು ಊರಿಗೆ ಹೊರಟವರ ಮನಸ್ಸು ನಿಶ್ಚಿಂತವಾಗಿರುತ್ತದೆ. ಈ ನಿಶ್ಚಿಂತೆಗೆ ಆಧಾರವೇನು? ಅಂಗೈಯಲ್ಲಿ ಅಡಗುವ ಲೋಹದ ತುಂಡೊಂದು ಒಡೆಯನಿಗೆ ದಾರಿ ಬಿಟ್ಟು ಕಳ್ಳನನ್ನು ತಡೆಯುವುದು ಹೇಗೆ? ಇದನ್ನು ಅರಿತವನಿಗೆ ಬೀಗದ ಶಕ್ತಿಯೂ ತಿಳಿಯುವುದು, ಅದರ ಮಿತಿಯೂ ತಿಳಿಯುವುದು.

ಇಂದು ಮನೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಬೀಗಗಳಲ್ಲೊಂದು ಕಡ್ಡಿಬೀಗ. ಇದರ ತತ್ತ್ವ ಹೊಸದಲ್ಲ. ಪ್ರಾಚೀನ ಈಜಿಪ್ಟಿನವರು ಮರದಲ್ಲಿಯೇ ಇಂಥ ಬೀಗಗಳನ್ನು ಮಾಡಿದ್ದರು. ಅದಕ್ಕೆ ಈಗಿನ ಅಡಕವಾದ ಲೋಹರೂಪವನ್ನು ಕೊಟ್ಟವನು ಅಮೆರಿಕದ ಲೈನಸ್ ಯೇಲ್ (ಕಿರಿಯ). 1861ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದನು. ಬೀಗದ ಮೈಯೊಳಗೆ ತಿರುಗುವ ಉರುಳೆಯೊಂದಿದೆ. ಅದು ತಿರುಗಿದರೆ ಅಗುಳಿ ಸರಿಯುತ್ತದೆ. ಬೀಗದ ಮೈಯಿಂದ ಉರುಳೆಯೊಳಕ್ಕೆ ಸಾಲಾಗಿ ಐದು ರಂಧ್ರಗಳನ್ನು ಕೊರೆದು, ಪ್ರತಿಯೊಂದರಲ್ಲಿಯೂ ಒಂದರ ಮೇಲೊಂದರಂತೆ ಎರಡು ಕಡ್ಡಿಗಳನ್ನೂ ಅವನ್ನು ಕೆಳಕ್ಕೊತ್ತುವ ಒಂದು ಸ್ಪ್ರಿಂಗನ್ನೂ ಇಟ್ಟಿರುತ್ತಾರೆ. ಬೀಗದಕೈ ಇಲ್ಲದಾಗ ಮೇಲಿನ ಕಡ್ಡಿಗಳು ಅರ್ಧ ಮೈಯಲ್ಲಿ, ಅರ್ಧ ಉರುಳೆಯಲ್ಲಿ ನಿಂತು ಉರುಳೆಯನ್ನು ಕಟ್ಟಿಹಾಕುತ್ತವೆ. ಸರಿಯಾದ ಬೀಗದಕೈಯ ಹಲ್ಲುಗಳು ಪ್ರತಿಯೊಂದು ಜೋಡಿಯನ್ನೂ ತಕ್ಕಷ್ಟೇ ಎತ್ತಿದಾಗ, ಐದು ಜೋಡಿಗಳ ಸಂಧಿಗಳೂ ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಆಗ ಮಾತ್ರ ಉರುಳೆ ತಿರುಗುವುದು. ಹಲ್ಲು ಕಡಿಮೆ ಎತ್ತಿದರೆ ಮೇಲಿನ ಕಡ್ಡಿ, ಹೆಚ್ಚು ಎತ್ತಿದರೆ ಕೆಳಗಿನ ಕಡ್ಡಿ ಅಡ್ಡಬರುತ್ತದೆ.

ಪ್ರತಿಯೊಂದು ಹಲ್ಲಿಗೂ ಆರು ಎತ್ತರಗಳು ಸಾಧ್ಯವೆಂದು ಇಟ್ಟುಕೊಳ್ಳೋಣ. ಐದು ಹಲ್ಲುಗಳಿಂದ 7,776 ಬಗೆಯ ಬೀಗದಕೈಗಳಾಗುತ್ತವೆ. ಒಂದೊಂದನ್ನು ಪರೀಕ್ಷಿಸಲು ಹತ್ತು ಸೆಕೆಂಡುಗಳಂತೆ ಹಿಡಿದರೂ ಎಲ್ಲವನ್ನೂ ಪ್ರಯೋಗಿಸಿ ಮುಗಿಸಲು ಇಪ್ಪತ್ತೊಂದು ಗಂಟೆಗಳಿಗೂ ಮೀರಿದ ಕಾಲ ಬೇಕು. ಹಾಗಿದ್ದರೆ ಬೀಗವು ಅಭೇದ್ಯವೆ? ಅಲ್ಲ. ಯಾವ ಯಂತ್ರವೂ ಐದು ರಂಧ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ರೇಖೆಯಲ್ಲಿ ಕೊರೆಯಲಾರದು. ಉರುಳೆಯನ್ನು ಮೆಲ್ಲಗೆ ತಿರುಚಿ ಹಿಡಿದರೆ, ಈ ಸೂಕ್ಷ್ಮ ದೋಷದಿಂದಾಗಿ ಮೊದಲು ಒಂದೇ ಒಂದು ಕಡ್ಡಿ ಬಿಗಿಯುತ್ತದೆ. ಅದು ಸರಿಯಾದ ಎತ್ತರಕ್ಕೆ ಬಂದು ನೆಲೆಗೊಂಡ ಬಳಿಕ ಮತ್ತೊಂದು ಬಿಗಿಯುವುದು. ಹೀಗೆ ಐದು ಕಡ್ಡಿಗಳ ಒಗ್ಗಟ್ಟು ಮುರಿದು, ಆರಾರು ಯತ್ನಗಳಂತೆ ಮೂವತ್ತು ಯತ್ನಗಳಲ್ಲಿ ಕೆಲಸ ಮುಗಿಯುತ್ತದೆ! ಗುಣಾಕಾರದ ಲೆಕ್ಕವು ಸಂಕಲನದ ಲೆಕ್ಕವಾಗುವುದೇ ಬೀಗ ಬಿಡಿಸುವ ವಿದ್ಯೆಯ ಮರ್ಮ.

ಇಂಥ ವಿದ್ಯೆಯ ಪ್ರಸಿದ್ಧ ಪರೀಕ್ಷೆ 1851ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಜೋಸೆಫ್ ಬ್ರಾಮಾ ಎಂಬವನು 1784ರಲ್ಲಿ ಪೇಟೆಂಟ್ ಪಡೆದ ಬೀಗದ ಮಾದರಿಯೊಂದು, ಬಿಡಿಸಿದವರಿಗೆ 200 ಗಿನಿಗಳ ಬಹುಮಾನವೆಂಬ ಪಂಥದೊಡನೆ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಕುಳಿತಿತ್ತು. ಮಹಾಪ್ರದರ್ಶನಕ್ಕೆಂದು ಬಂದಿದ್ದ ಅಮೆರಿಕದ ಹಾಬ್ಸ್ ಎಂಬಾತನು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆಗಳ ಕಾಲ ದುಡಿದು ಅದನ್ನು ತೆರೆದನು. ಬ್ರಾಮಾನ ಬೀಗ ಸೋತಿತೆನ್ನುವವರುಂಟು. ಆದರೆ ಯಾವ ಕಳ್ಳನು ಬಾಗಿಲ ಮುಂದೆ 51 ಗಂಟೆ ಕುಳಿತಾನು? ಬೀಗವು ನಮಗೆ ಕೊಡುವುದು ಅಭೇದ್ಯತೆಯನ್ನಲ್ಲ, ಕಾಲಾವಕಾಶವನ್ನು.

ಕಳ್ಳನು ಬೀಗದೊಡನೆ ಸೆಣಸದೆ ಅದರ ಆಶ್ರಯವನ್ನೇ ಕಿತ್ತುಹಾಕಬಹುದು. ಹಾರೆಯ ಆಧಾರಬಿಂದುವಿನಿಂದ ಕೊಂಡಿಯ ಕಡೆಗೆ 3 ಸೆಂಟಿಮೀಟರ್, ಕೈಯ ಕಡೆಗೆ 60 ಸೆಂಟಿಮೀಟರ್ ಇದ್ದರೆ, ಸನ್ನೆಯ ನಿಯಮದಂತೆ ಬಲವು ಇಪ್ಪತ್ತು ಪಟ್ಟಾಗುತ್ತದೆ. ಕೈಯಲ್ಲಿ 30 ಕಿಲೋಗ್ರಾಂ ತೂಕದಷ್ಟು ಅದುಮಿದರೆ ಕೊಂಡಿಯ ಮೇಲೆ 600 ಕಿಲೋಗ್ರಾಂ ತೂಕದಷ್ಟು ಒತ್ತಡ! ಗಿಡ್ಡ ತಿರುಪುಮೊಳೆಗಳಿಂದ ಕೂಡಿಸಿದ ಕೊಂಡಿ ಇದನ್ನು ತಾಳಲಾರದು. ಆದುದರಿಂದ ಬೆಲೆಬಾಳುವ ಬೀಗವನ್ನು ಕೊಳ್ಳುವ ಮುನ್ನ ಕೊಂಡಿ, ಮೊಳೆ, ಬಾಗಿಲವಾಡಗಳನ್ನು ನೋಡಬೇಕು. ಮೊಳೆಗಳು ಉದ್ದವಾಗಿದ್ದು ಬಾಗಿಲವಾಡದ ಗಟ್ಟಿಮರದೊಳಕ್ಕೆ ಆಳವಾಗಿ ಇಳಿದಿರಬೇಕು. ಬೀಗ ಹಾಕಿದ ಮೇಲೆ ಅವುಗಳ ತಲೆ ಹೊರಗೆ ಕಾಣಬಾರದು.

ತಡೆಯುವ ಬೀಗಕ್ಕೆ ಕೂಗುವ ಸಾಧನ ಜೊತೆಗಾರ. 1853ರಲ್ಲಿ ಅಮೆರಿಕದ ಅಗಸ್ಟಸ್ ಪೋಪ್ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟ್ ಪಡೆದನು. ಅದರಲ್ಲಿ ಬಾಗಿಲು ತೆರೆದೊಡನೆ ವಿದ್ಯುನ್ಮಂಡಲ ಪೂರ್ಣಗೊಂಡು ಗಂಟೆ ಬಾರಿಸುತ್ತಿತ್ತು. ಇಂಥ ಏರ್ಪಾಟಿನಲ್ಲಿ ತಂತಿಯನ್ನು ಕತ್ತರಿಸಿದರೆ ಗಂಟೆ ಮೂಕವಾಗುವುದು. ಈಗಿನ ಸಾಧನಗಳಲ್ಲಿ ಸಾಮಾನ್ಯವಾಗಿ ಕ್ರಮವೇ ತಲೆಕೆಳಗು: ಬಾಗಿಲಿನಲ್ಲಿರುವ ಅಯಸ್ಕಾಂತವು ಚೌಕಟ್ಟಿನ ಪುಟ್ಟ ಸ್ವಿಚ್ಚನ್ನು ಮುಚ್ಚಿ ಹಿಡಿದಿರುತ್ತದೆ, ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ ತಂತಿ ಕಡಿದರೂ ಪ್ರವಾಹ ನಿಂತು ಕೂಗು ಏಳುತ್ತದೆ.

ಕತ್ತಲಲ್ಲಿ ನಡೆದಾಡುವವನನ್ನು ಅವನ ಮೈಶಾಖವೇ ಹಿಡಿದುಕೊಡುವುದುಂಟು. ಸುಮಾರು 33 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಚರ್ಮವು ಕಣ್ಣಿಗೆ ಕಾಣದ ಅವರಕ್ತ ಕಿರಣಗಳನ್ನು ಬೀರುತ್ತದೆ. ಅವು ಅತ್ಯಂತ ಪ್ರಬಲವಾಗಿರುವುದು ಸುಮಾರು ಒಂಬತ್ತೂವರೆ ಮೈಕ್ರೋಮೀಟರ್ ತರಂಗಾಂತರದಲ್ಲಿ. ಸಂವೇದಕದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಹರಳುಗಳ ಮೇಲೆ ಈ ಕಿರಣಗಳು ಒಂದಾದ ಮೇಲೊಂದರಂತೆ ಬಿದ್ದಾಗ ಚಲನೆಯ ಸುಳಿವು ಸಿಗುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ಹೀರಿಬಿಡುವುದರಿಂದ, ಒಳಗಿಟ್ಟ ಸಂವೇದಕಕ್ಕೆ ಗಾಜಿನಾಚೆ ನಿಂತವನು ಕಾಣನು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಗೋಡೆಗಳೂ ಮೈಯಷ್ಟೇ ಬಿಸಿಯಾದಾಗ ಅದರ ಚುರುಕು ತಗ್ಗುವುದೂ ಸಹಜವೇ.

ಕೊನೆಯಲ್ಲಿ ಒಂದು ಎಚ್ಚರಿಕೆ. ಕಳ್ಳನನ್ನು ಹೊರಗಿಡುವ ಕಬ್ಬಿಣದ ಸರಳುಗಳು ಬೆಂಕಿ ಬಿದ್ದಾಗ ಮನೆಯವರನ್ನೇ ಒಳಗಿಡಬಲ್ಲವು. ಒಂದಾದರೂ ಕಿಟಕಿಯ ಸರಳುಚೌಕಟ್ಟು ಒಳಗಿನಿಂದ ತೆರೆಯುವಂತಿರಲಿ. ಅದರ ಬೀಗದಕೈ ಹೊರಗಿನಿಂದ ಕೋಲಿಗೆ ಎಟುಕದಂತೆ, ಆದರೆ ಮನೆಯ ಮಕ್ಕಳಿಗೂ ಗೊತ್ತಿರುವಂತೆ ಒಂದೇ ಜಾಗದಲ್ಲಿರಲಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ, ಇಂದು ಸಂಜೆಯೇ ಒಂದು ತಿರುಪುಳಿಯನ್ನು ಹಿಡಿದು ಬಾಗಿಲ ಕೊಂಡಿಯನ್ನು ಪರೀಕ್ಷಿಸುವುದು ಲೇಸು.