ಗೇಟಿನೊಳಗಿನ ಊಟ, ಮುಗಿಯದ ಕಾಮಗಾರಿ

ಮುಂಬೈಯ ವಠಾರದ ಮಕ್ಕಳಿಗೆ ಅಮ್ಯೂಸ್‌ಮೆಂಟ್ ಪಾರ್ಕ್ ಎಂದರೆ ವರ್ಷಕ್ಕೊಮ್ಮೆ ಬರುವ ಜಾತ್ರೆ. 1989ರಲ್ಲಿ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ಶುರುವಾದಾಗ ಬೊರಿವಲಿಯಿಂದ ಜೆಟ್ಟಿಗೆ ಹೋಗಿ ಫೆರ್ರಿಯಲ್ಲಿ ಖಾಡಿ ದಾಟುವುದೇ ಒಂದು ಸಂಭ್ರಮವಾಗಿತ್ತು. ಅದರ ಪಕ್ಕದಲ್ಲೇ 1998ರಲ್ಲಿ ವಾಟರ್ ಕಿಂಗ್‌ಡಮ್ ಬಂತು. ಕೋವಿಡ್ ಕಾಲದಲ್ಲಿ ಎಸ್ಸೆಲ್‌ವರ್ಲ್ಡ್ ಬಾಗಿಲು ಹಾಕಿತು. ಅಷ್ಟರೊಳಗೆ, 2013ರ ಏಪ್ರಿಲ್‌ನಲ್ಲಿ, ಖೋಪೋಲಿ ಹತ್ತಿರ ಆಡ್‌ಲ್ಯಾಬ್ಸ್ ಇಮ್ಯಾಜಿಕಾ ತೆರೆದಿತ್ತು. ಅದನ್ನು ಕಟ್ಟಿಸಿದ ಮನಮೋಹನ್ ಶೆಟ್ಟಿ ನಮ್ಮ ಕರಾವಳಿ ಮೂಲದವರು. 1978ರಲ್ಲಿ ಫಿಲ್ಮ್ ಸಂಸ್ಕರಿಸುವ ಆಡ್‌ಲ್ಯಾಬ್ಸ್ ಹುಟ್ಟುಹಾಕಿದವರೂ ಅವರೇ.

ನಾನು ಬೊರಿವಲಿಯಲ್ಲಿ ಬಹಳ ವರ್ಷ ಉಡುಪಿ ಹೋಟೆಲ್ ನಡೆಸಿದವನು. ಗಲ್ಲಾದಿಂದ ಎದ್ದ ಮೇಲೆ ಕನ್ನಡ ಸಂಘದ ಪಿಕ್‌ನಿಕ್‌ಗೆ ಬಸ್ಸು ಗೊತ್ತುಮಾಡುವುದು ನನ್ನ ಪಾಲಿಗೆ ಬಂತು. ವಿರಾರ್, ಠಾಣೆ, ಪನ್ವೇಲ್ ಕಡೆಯ ಎಷ್ಟೋ ಪಾರ್ಕುಗಳಿಗೆ ನಮ್ಮವರನ್ನು ಕರೆದುಕೊಂಡು ಹೋಗಿದ್ದೇನೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳುವ ಮಾತು ಎರಡೇ. “ಮಾರಾಯ್ರೆ, ಆಟ ಭಾರೀ ಲಾಯ್ಕಿತ್ತು, ಊಟ ಮಾತ್ರ ಬಾಯಿಗಿಡಲಿಕ್ಕಾಗಲಿಲ್ಲ” ಎನ್ನುವುದು ಒಂದು. “ಅಂಕಲ್, ನಾವು ನೋಡಬೇಕಂತಿದ್ದ ರೈಡೇ ಬಂದ್ ಇತ್ತಲ್ಲ” ಎನ್ನುವುದು ಇನ್ನೊಂದು.

ಊಟದ ಮಾತು ನನ್ನ ಕಸುಬಿನದು, ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಒಂದು ಪಾರ್ಕಿನಲ್ಲಿ ಕೂಪನ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ತಟ್ಟೆ ಕೈಗೆ ಬಂತು. ಪೂರಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸಾಂಬಾರಿನ ಮೇಲೆ ಕೆನೆಗಟ್ಟಿತ್ತು, ತರಕಾರಿ ಕರಗಿ ತಳಕ್ಕೆ ಇಳಿದಿತ್ತು. ಬೆಳಿಗ್ಗೆ ಕುದಿಸಿದ್ದನ್ನು ಮಧ್ಯಾಹ್ನದ ತನಕ ಸಣ್ಣ ಉರಿಯಲ್ಲಿಟ್ಟರೆ ಹೀಗೇ ಆಗುತ್ತದೆ. ನಮ್ಮ ಜೊತೆ ಬಂದಿದ್ದ ಒಬ್ಬ ಹಿರಿಯಮ್ಮನಿಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನ ಒಂದು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಅವರು ತಂದಿದ್ದ ಬಿಸ್ಕತ್ತನ್ನು ಪಾರ್ಕಿನವರು ಗೇಟಿನಲ್ಲೇ ತೆಗೆದಿಟ್ಟುಕೊಂಡಿದ್ದರು. ಆ ದಿನದ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಇದಕ್ಕೆ ಕಾರಣಗಳಿವೆ. ಮಂಗಳವಾರ ಪಾರ್ಕು ಖಾಲಿ, ಭಾನುವಾರ ಕಾಲಿಡಲು ಜಾಗವಿಲ್ಲ. ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜೇ ಅಡುಗೆಯವನಿಗೆ ಸಿಗುವುದಿಲ್ಲ. ಜನವೆಲ್ಲ ಹನ್ನೆರಡೂವರೆಯಿಂದ ಎರಡರೊಳಗೆ ಒಟ್ಟಿಗೆ ನುಗ್ಗುತ್ತಾರೆ. ಹಾಗಾಗಿ ಮೊದಲೇ ಮಾಡಿಡುತ್ತಾರೆ. ಮಾಡಿಟ್ಟ ಬಿಸಿ ಪದಾರ್ಥವನ್ನು 60 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಬಾರದು, ಇಳಿದರೆ ರೋಗಾಣು ಬೆಳೆಯುತ್ತದೆ. ಇವೆಲ್ಲ ಕಷ್ಟವೇ, ಆದರೆ ಮದುವೆ ಮನೆಯ ಅಡುಗೆಯವರು ಇದಕ್ಕಿಂತ ದೊಡ್ಡ ಪಂಕ್ತಿಗೆ ಬಿಸಿಬಿಸಿ ಬಡಿಸುತ್ತಾರೆ. ನಿಜವಾದ ಕಾರಣ ಬೇರೆಯೇ ಇದೆ. ನನ್ನ ಹೋಟೆಲಿನಲ್ಲಿ ಇಡ್ಲಿ ಗಟ್ಟಿಯಾದರೆ ಗಿರಾಕಿ ನಾಳೆ ಎದುರಿನ ಹೋಟೆಲಿಗೆ ಹೋಗುತ್ತಿದ್ದ. ಪಾರ್ಕಿನೊಳಗೆ ಎದುರಿನ ಹೋಟೆಲೇ ಇಲ್ಲ.

ಮಾಟುಂಗಾದಲ್ಲಿ 1942ರಿಂದ ನಡೆದು ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಗಿರಾಕಿಗಳು ಅಡುಗೆಮನೆಗೇ ಹೋಗಿ ನೋಡಬಹುದು. ಪಾರ್ಕುಗಳು ನಮ್ಮಿಂದ ಕಲಿಯಬೇಕಾದ ಪಾಠ ಇದು. ಇಪ್ಪತ್ತು ಬಗೆಯ ಪಿಜ್ಜಾ, ನೂಡಲ್ಸ್ ಬೇಡ. ಬಿಸಿ ಅನ್ನ, ಸಾರು, ಮೊಸರು, ಒಂದು ಪಲ್ಯ, ನೋಡಲು ತೆರೆದಿರುವ ಅಡುಗೆಮನೆ ಇದ್ದರೆ ಸಾಕು.

ಇನ್ನು ಕಾಮಗಾರಿ. ಮುಂಬೈಯವರಿಗೆ ಕಾಯುವುದು ಹೊಸತಲ್ಲ. ಅಂಧೇರಿಯ ಗೋಖಲೆ ಸೇತುವೆಯನ್ನು 2022ರ ನವೆಂಬರ್‌ನಲ್ಲಿ ಮುಚ್ಚಿದರು, ಪೂರ್ತಿ ತೆರೆದದ್ದು 2025ರ ಮೇನಲ್ಲಿ. ರೈಡ್ ಕಟ್ಟುವುದೂ ಸುಲಭವಲ್ಲ. ಅಡಿಪಾಯ, ಉಕ್ಕಿನ ಕಂಬ, ಹೊರದೇಶದಿಂದ ಬರುವ ಬಿಡಿಭಾಗ, ಜನ ಕೂರಿಸುವ ಮೊದಲು ಹಲವು ಸಲ ಖಾಲಿ ಓಡಿಸಿ ನೋಡುವ ಪರೀಕ್ಷೆ ಎಲ್ಲ ಆಗಬೇಕು. ಸಹ್ಯಾದ್ರಿಯ ಬುಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆಯುವಾಗ ಹೊರಗಿನ ಕೆಲಸ ಕುಂಟುತ್ತದೆ. ಪಾರ್ಕುಗಳು ಒಮ್ಮೆಗೇ ಪೂರ್ತಿಯಾಗುವುದೂ ಇಲ್ಲ. ಇಮ್ಯಾಜಿಕಾದ ವಾಟರ್ ಪಾರ್ಕ್ ಬಂದದ್ದು 2014ರಲ್ಲಿ, ಸ್ನೋ ಪಾರ್ಕ್ 2016ರಲ್ಲಿ. ಅಮೆರಿಕದ ಡಿಸ್ನಿಲ್ಯಾಂಡ್ ಕೂಡ 1955ರ ಜುಲೈ 17ರಂದು ಕೆಲಸ ಮುಗಿಯದೆಯೇ ತೆರೆದಿತ್ತು. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಗುತ್ತಿತ್ತು. ಪ್ಲಂಬರ್‌ಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ, ತಿಂಡಿಯೂ ಮುಗಿದುಹೋಯಿತು. ಊಟ, ನೀರು, ಕಾಮಗಾರಿ ಎಂಬ ದೂರು ಅಂದೇ ಹುಟ್ಟಿತ್ತು.

ಕೆಲಸ ತಡವಾಗುವುದನ್ನು ಜನ ಕ್ಷಮಿಸುತ್ತಾರೆ. ಹಣ ತೆಗೆದುಕೊಂಡ ಮೇಲೆ ಹೇಳುವುದನ್ನು ಕ್ಷಮಿಸುವುದಿಲ್ಲ. ರಸ್ತೆ ಅಗೆದರೆ ನಾವು ಸುತ್ತುಬಳಸಿ ಹೋಗುತ್ತೇವೆ, ಅದಕ್ಕೆ ಆ ದಿನದ ಟಿಕೆಟ್ ಕೊಂಡಿರುವುದಿಲ್ಲ. ನಾಲ್ಕು ಜನರ ಮನೆ ತಿಂಗಳುಗಟ್ಟಲೆ ಉಳಿಸಿ, ಮಕ್ಕಳಿಗೆ ಆಸೆ ತೋರಿಸಿ ಬಂದಾಗ ಹಸಿರು ಬಲೆಯ ಹಿಂದೆ ‘ಕಾಮ್ ಚಾಲೂ ಹೈ’ ಬೋರ್ಡು ಮಾತ್ರ ಕಂಡರೆ ಅದು ಮೋಸವೇ. ಬಂದ್ ಇರುವ ರೈಡುಗಳ ಪಟ್ಟಿಯನ್ನು ಟಿಕೆಟ್ ಕೌಂಟರಿನ ಮೇಲೇ ಹಾಕಲಿ, ಆ ದಿನಕ್ಕೆ ಟಿಕೆಟ್ ದರ ಇಳಿಸಲಿ.

ನಮ್ಮ ಕೈಯಲ್ಲೂ ಕೆಲವು ಹಕ್ಕುಗಳಿವೆ. ಹೊರಗಿನ ತಿಂಡಿ ತಡೆಯುವ ಹಕ್ಕು ಚಿತ್ರಮಂದಿರದ ಮಾಲೀಕರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಹಸುಗೂಸಿನ ಆಹಾರ ತಡೆಯಬಾರದು ಎಂದೂ ಸೇರಿಸಿತು. ಅದು ಚಿತ್ರಮಂದಿರದ ಮಾತಾದರೂ ಅದರ ನ್ಯಾಯ ಪಾರ್ಕಿನ ಗೇಟಿಗೂ ಒಪ್ಪುತ್ತದೆ. ಒಂದೇ ಪ್ಯಾಕೆಟ್ಟಿಗೆ ಎರಡು ಎಂಆರ್‌ಪಿ ಅಚ್ಚು ಹಾಕುವುದಕ್ಕೆ 2018ರಿಂದ ನಿಷೇಧವಿದೆ. ತಿಂಡಿಯ ಬಿಲ್ಲಿನ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಲೇಬೇಕು.

ಹೊರಡುವ ಮುನ್ನ ಪಾರ್ಕಿಗೆ ಫೋನ್ ಮಾಡಿ, ಯಾವ ರೈಡ್ ಬಂದ್ ಇದೆ ಎಂದು ಕೇಳಿ. ಕಾಯಿಲೆಯವರ ತಿಂಡಿಗೆ ಡಾಕ್ಟರರ ಚೀಟಿ ಜೊತೆಗಿರಲಿ. ಹನ್ನೆರಡಕ್ಕೇ ಊಟಕ್ಕೆ ಕೂತುಬಿಡಿ. ತಟ್ಟೆಯಲ್ಲಿ ಹಳಸಿದ್ದು ಬಂದರೆ ಸುಮ್ಮನೆ ತಿನ್ನಬೇಡಿ, ಫೋಟೊ ತೆಗೆದು, ಬಿಲ್ ಇಟ್ಟುಕೊಂಡು, ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹೊರಗಿನ ತಿಂಡಿ ಬೇಡವೆಂದು ಗೇಟು ಹಾಕಿದವರ ಮೇಲೆ, ಒಳಗೆ ಬಂದವರಿಗೆ ಒಳ್ಳೆಯ ಊಟ ಹಾಕುವ ಹೊಣೆ ಬೇರೆ ಎಲ್ಲ ಹೋಟೆಲಿನವರಿಗಿಂತ ಹೆಚ್ಚಿದೆ.