ಮಂಡಳಿ ರೊಕ್ಕ ನಮ್ಮ ತಾಲೂಕಿಗೆ ಯಾವ ಲೆಕ್ಕದಾಗ ಬರ್ತದ? ಜನ ಕೇಳಬೇಕಾದ ನಾಲ್ಕು ಪ್ರಶ್ನೆ

ರಾಯಚೂರು: ಬಜೆಟ್ ಬಂದಾಗಲೆಲ್ಲ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಎಷ್ಟು ಕೋಟಿ ಅನ್ನೋದೇ ಮೊದಲ ಸುದ್ದಿ. 2022-23ರ ಬಜೆಟ್‌ನಲ್ಲಿ 3,000 ಕೋಟಿ ರೂಪಾಯಿ, 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಮೊತ್ತ ಎಲ್ಲರಿಗೂ ಗೊತ್ತು. ಆದರೆ ಆ ರೊಕ್ಕ ಯಾವ ಲೆಕ್ಕದ ಮೇಲೆ ನಮ್ಮ ತಾಲೂಕಿಗೆ ಬರುತ್ತದೆ, ಯಾರು ಕಾಮಗಾರಿ ಆಯ್ಕೆ ಮಾಡುತ್ತಾರೆ, ಬಂದದ್ದು ನಿಜಕ್ಕೂ ಹೆಚ್ಚುವರಿ ರೊಕ್ಕವೇ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅದನ್ನು ಸರಳವಾಗಿ ನೋಡೋಣ.

371(ಜೆ) ಹೇಳೋದು ಏನು?

ಹೈದರಾಬಾದ್ ಕರ್ನಾಟಕಕ್ಕೆ 1990ರ ದಶಕದಿಂದಲೇ ಒಂದು ಅಭಿವೃದ್ಧಿ ಮಂಡಳಿ ಇತ್ತು. ಆದರೆ ಅದಕ್ಕೆ ಸಂವಿಧಾನದ ಬಲ ಇರಲಿಲ್ಲ. ದೀರ್ಘ ಹೋರಾಟದ ನಂತರ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರಿತು. 2013ರಲ್ಲಿ ಹೊಸ ಮಂಡಳಿ ರಚನೆಯಾಯಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದು ಬದಲಾದಾಗ ಮಂಡಳಿಯ ಹೆಸರೂ ಬದಲಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಹೊಸದಾಗಿ ಆದ ವಿಜಯನಗರ, ಹೀಗೆ ಏಳು ಜಿಲ್ಲೆ ಇದರ ವ್ಯಾಪ್ತಿಯಲ್ಲಿವೆ.

371(ಜೆ) ಅಂದರೆ ನೌಕರಿ ಮತ್ತು ಸೀಟು ಮೀಸಲಾತಿ ಅಂತಲೇ ಬಹಳ ಜನ ತಿಳಿದಿದ್ದಾರೆ. ಅದು ಒಂದು ಭಾಗ ಮಾತ್ರ. ಅಭಿವೃದ್ಧಿ ವೆಚ್ಚಕ್ಕೆ ಈ ಭಾಗಕ್ಕೆ ನ್ಯಾಯಯುತ ಪಾಲು ಹಂಚಬೇಕು, ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಅನ್ನೋದೂ ಅದೇ ವಿಧಿಯಲ್ಲಿದೆ.

ಹಂಚಿಕೆಯ ಬೇರು ನಂಜುಂಡಪ್ಪ ವರದಿ

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲೂಕುಗಳನ್ನು 35 ಸೂಚಕಗಳ ಮೇಲೆ ಅಳೆಯಿತು. ಕೃಷಿ, ಕೈಗಾರಿಕೆ, ಬ್ಯಾಂಕ್, ರಸ್ತೆ, ಶಾಲೆ, ಆಸ್ಪತ್ರೆ, ಸಾಕ್ಷರತೆ ಎಲ್ಲವೂ ಅದರಲ್ಲಿ ಬಂದವು. ರಾಜ್ಯದ ಸರಾಸರಿ 1 ಎಂದು ಇಟ್ಟುಕೊಂಡು ಪ್ರತಿ ತಾಲೂಕಿಗೆ ಅಂಕ ಕೊಟ್ಟಿತು. ಸರಾಸರಿಗಿಂತ ಕೆಳಗಿದ್ದವು 114 ತಾಲೂಕು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ತಾಲೂಕು ಆಗಿನ ಗುಲಬರ್ಗಾ ವಿಭಾಗದವೇ ಆಗಿದ್ದವು.

ಆಗ ರಾಯಚೂರು ಜಿಲ್ಲೆಯಲ್ಲಿ ಇದ್ದದ್ದು ಐದು ತಾಲೂಕು. ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರು ನಾಲ್ಕೂ ಅತ್ಯಂತ ಹಿಂದುಳಿದ ಪಟ್ಟಿ ಸೇರಿದವು. ದೇವದುರ್ಗಕ್ಕಂತೂ ಇಡೀ ರಾಜ್ಯದಲ್ಲೇ ಕೊನೇ ಸ್ಥಾನ.

ಭತ್ತ ಬೆಳೆಯೋ ಸಿಂಧನೂರು, ಹಟ್ಟಿ ಚಿನ್ನದ ಗಣಿ ಇರೋ ಲಿಂಗಸುಗೂರು ಹಿಂದುಳಿದವು ಹೆಂಗಾದವು ಅಂತ ಕೇಳೋರಿದ್ದಾರೆ. ಉತ್ತರ ಆ 35 ಸೂಚಕಗಳಲ್ಲೇ ಇದೆ. ನೆಲದಾಗ ಚಿನ್ನ, ಕಾಲುವೆಯಾಗ ನೀರು ಇದ್ದರೆ ಸಾಲದು. ಮಕ್ಕಳು ಶಾಲೆ ಮುಗಿಸಬೇಕು, ಹತ್ತಿರದಲ್ಲಿ ದವಾಖಾನೆ ಇರಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದ್ದು ಶೇ. 59.56 ಮಾತ್ರ.

ಈಗ ಹಂಚಿಕೆಗೆ ಬರೋಣ. ಒಂದು ತಾಲೂಕಿನ ಅಂಕ 0.60 ಅಂದುಕೊಳ್ಳಿ. ಸರಾಸರಿ ಮುಟ್ಟಲು ಅದಕ್ಕಿರುವ ಕೊರತೆ 0.40. ಇನ್ನೊಂದರ ಅಂಕ 0.90 ಇದ್ದರೆ ಕೊರತೆ 0.10. ಕೊರತೆಯನ್ನಷ್ಟೇ ನೋಡಿ ಹಂಚಿದರೆ ಮೊದಲ ತಾಲೂಕಿಗೆ ನಾಲ್ಕು ಪಟ್ಟು ರೊಕ್ಕ ಬರಬೇಕು. ಎಲ್ಲರಿಗೂ ಸಮ ಹಂಚುವುದಲ್ಲ, ಕೊರತೆ ಹೆಚ್ಚಿದ್ದಲ್ಲಿಗೆ ಹೆಚ್ಚು ಕೊಡುವುದು ಇದರ ತತ್ವ. ಮಂಡಳಿಯ ತಾಲೂಕುವಾರು ಹಂಚಿಕೆಗೆ ಇದೇ ವರದಿ ಆಧಾರವಾಗಿ ಬಂದಿದೆ. ಇದನ್ನು ‘ಮೈಕ್ರೋ’ ಅನುದಾನ ಅಂತಾರೆ. ಇಡೀ ಪ್ರದೇಶಕ್ಕೆ ಸಂಬಂಧಿಸಿದ ದೊಡ್ಡ ಯೋಜನೆಗಳ ಪಾಲು ‘ಮ್ಯಾಕ್ರೋ’.

ಮರೆತುಹೋದ ಮಾತು: ‘ಹೆಚ್ಚುವರಿ’

ನಂಜುಂಡಪ್ಪ ಸಮಿತಿ ಎಂಟು ವರ್ಷದ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕು ಎಂದಿತ್ತು. ಅದರಲ್ಲಿ 15,000 ಕೋಟಿ ಮಾಮೂಲಿ ಬಜೆಟ್‌ನಿಂದ, 16,000 ಕೋಟಿ ಅದರ ಮೇಲೆ ಹೆಚ್ಚುವರಿಯಾಗಿ. ಈ ಎರಡು ಅಂಕಿ ಬೇರೆಬೇರೆ ಇಟ್ಟದ್ದರಲ್ಲೇ ಇಡೀ ವಿಷಯದ ತಿರುಳಿದೆ.

ಒಂದು ಲೆಕ್ಕ ನೋಡಿ. ಎಲ್ಲ ತಾಲೂಕುಗಳಂತೆ ನಮ್ಮ ತಾಲೂಕಿಗೂ ಇಲಾಖೆಯಿಂದ ರಸ್ತೆಗೆ 10 ರೂಪಾಯಿ ಬರಬೇಕು. ಮಂಡಳಿ ಅದರ ಮೇಲೆ 5 ರೂಪಾಯಿ ಕೊಟ್ಟರೆ ಒಟ್ಟು 15 ಆಗಿ, ಮುಂದುವರಿದ ತಾಲೂಕನ್ನು ಬೆನ್ನಟ್ಟಿ ಹಿಡಿಯಬಹುದು. ಆದರೆ ‘ನಿಮಗ ಮಂಡಳಿ ರೊಕ್ಕ ಐತಲ್ಲ, ಅದರಾಗ ಮಾಡ್ಕೋರಿ’ ಅಂತ ಇಲಾಖೆ ತನ್ನ 10ನ್ನು 5ಕ್ಕೆ ಇಳಿಸಿದರೆ ಒಟ್ಟು ಮತ್ತೆ 10ಕ್ಕೇ ನಿಲ್ಲುತ್ತದೆ. ಫಲಕದ ಮೇಲೆ ಮಂಡಳಿ ಹೆಸರು ಬಂತು, ಅಂತರ ಮಾತ್ರ ಹಂಗೇ ಉಳಿಯಿತು. ಮಂಡಳಿಗೆ ಎಷ್ಟು ಕೋಟಿ ಅಂತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂಗೆ. ಇಲಾಖೆಗಳು ಅದೇ ವರ್ಷ ನಮ್ಮ ಜಿಲ್ಲೆಗೆ ಎಷ್ಟು ಕೊಟ್ಟವು ಅನ್ನೋದು ಉಳಿದರ್ಧ.

ಕಟ್ಟಡ ಬಂತು, ಮೇಷ್ಟ್ರು ಬರಲಿಲ್ಲ

ಕ್ರಿಯಾ ಯೋಜನೆ ತಯಾರಾಗುವಾಗ ಶಾಸಕರ ಪ್ರಸ್ತಾವಗಳಿಗೆ ದೊಡ್ಡ ಪಾತ್ರವಿದೆ. ಅಧಿಕಾರಿಗಳು ಅಂದಾಜು ಪಟ್ಟಿ ಮಾಡುತ್ತಾರೆ, ಮಂಡಳಿ ಅನುಮೋದನೆ ಕೊಡುತ್ತದೆ, ನಂತರ ಟೆಂಡರ್. ಸಿಸಿ ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ ಇಂಥವು ಬೇಗ ಮುಗಿಯುತ್ತವೆ, ಕಣ್ಣಿಗೆ ಕಾಣುತ್ತವೆ. ಅವೂ ಬೇಕು. ಆದರೆ ಕೊಠಡಿ ಕಟ್ಟಿದ ಮೇಲೆ ಶಿಕ್ಷಕರ ಹುದ್ದೆ, ಆಸ್ಪತ್ರೆ ಕಟ್ಟಿದ ಮೇಲೆ ವೈದ್ಯರ ಹುದ್ದೆ ತುಂಬುವುದು ಆಯಾ ಇಲಾಖೆಯ ಕೆಲಸ. ಎರಡೂ ಒಟ್ಟಿಗೆ ಯೋಜನೆಯಾಗದಿದ್ದರೆ ಕಟ್ಟಡಕ್ಕೆ ಬೀಗವೇ ಗತಿ. ಕೂಲಿ ಹುಡುಕಿ ಬೆಂಗಳೂರು, ಹೈದರಾಬಾದ್‌ಗೆ ಗುಳೆ ಹೋಗುವ ಕುಟುಂಬಕ್ಕೆ ಊರಾಗಿನ ಸಿಸಿ ರಸ್ತೆ ಒಂದೇ ಸಾಲುವುದಿಲ್ಲ. ಊರಲ್ಲೇ ದುಡಿಮೆ, ಮಕ್ಕಳಿಗೆ ಹಾಸ್ಟೆಲ್ ಕೊಡುವ ಯೋಜನೆಯೂ ಬೇಕು.

ಇನ್ನೊಂದು ತೊಡಕು ಹಳೇ ಅಂಕಿ. ಮಸ್ಕಿ, ಸಿರವಾರ ತಾಲೂಕುಗಳು 2002ರಲ್ಲಿ ಇರಲೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಕೆಲವು ತಾಲೂಕು ಮೇಲೆ ಬಂದಿರಬಹುದು, ಕೆಲವು ಇನ್ನೂ ಕುಸಿದಿರಬಹುದು. ಪ್ರಾದೇಶಿಕ ಅಸಮಾನತೆಯನ್ನು ಹೊಸದಾಗಿ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ 2024ರಲ್ಲಿ ಸಮಿತಿ ರಚನೆಯಾದದ್ದು ಈ ಕಾರಣಕ್ಕೇ.

ನೀವು ಕೇಳಬೇಕಾದ ಪ್ರಶ್ನೆಗಳು

1. ಈ ವರ್ಷ ನಮ್ಮ ತಾಲೂಕಿಗೆ ಹಂಚಿಕೆ ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು? ಮೂರೂ ಬೇರೆಬೇರೆ. ಘೋಷಣೆಯಾದದ್ದೆಲ್ಲ ಖರ್ಚಾಗಿರುತ್ತದೆ ಅಂತ ತಿಳಿಯಬೇಡಿ.

2. ಇದೇ ಕೆಲಸಕ್ಕೆ ಇಲಾಖೆಯ ಮಾಮೂಲಿ ಅನುದಾನ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿದೆಯೇ?

3. ಗ್ರಾಮಸಭೆಯಲ್ಲಿ ಊರಿನವರು ಬರೆಸಿದ ಬೇಡಿಕೆಗಳಲ್ಲಿ ಎಷ್ಟು ಕ್ರಿಯಾ ಯೋಜನೆ ಸೇರಿವೆ?

4. ಕಟ್ಟಡಕ್ಕೆ ಮಂಜೂರಾತಿ ಕೊಟ್ಟಾಗ ಸಿಬ್ಬಂದಿ ಹುದ್ದೆಗೂ ಮಂಜೂರಾತಿ ಸಿಕ್ಕಿದೆಯೇ?

ಇವುಗಳ ಉತ್ತರ ಯಾರೂ ತಾವಾಗೇ ಮನೆಗೆ ತಂದು ಕೊಡೋದಿಲ್ಲ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ತಾಲೂಕಿನ ಕಾಮಗಾರಿ ಪಟ್ಟಿ, ಅಂದಾಜು ಮೊತ್ತ, ಗುತ್ತಿಗೆದಾರರ ವಿವರ, ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ ಕೇಳಬಹುದು. ಉತ್ತರ ಬಂದ ಮೇಲೆ ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ದಾಖಲಿಸಿ. ಊರಿನ ಬೇಡಿಕೆ ಲಿಖಿತವಾಗಿ ಇದ್ದರೆ, ಕ್ರಿಯಾ ಯೋಜನೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳೋದಕ್ಕೆ ಆಧಾರ ಸಿಗುತ್ತದೆ.