ಬಿಳಿ ಮೈಯ ಸಕ್ಯುಲೆಂಟ್ ಗಿಡಗಳು ಮತ್ತು ನಮ್ಮ ಮಳೆಗಾಲ



ಕಳೆದ ಆಗಸ್ಟ್ ತಿಂಗಳ ಒಂದು ಸಂತೆಯ ದಿನ, ಗೊಬ್ಬರದ ಬಾಕಿ ಚುಕ್ತಾ ಮಾಡಲು ಸಂಘದ ಕಛೇರಿಗೆ ಬಂದ ಸದಸ್ಯರೊಬ್ಬರು ಚೀಲದಿಂದ ಪುಟ್ಟ ಕುಂಡವೊಂದನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟರು. ಅದರಲ್ಲಿದ್ದ ಗಿಡ ಬೇಯಿಸಿದ ಬದನೆಯ ಹಾಗೆ ಕರಗಿ ಕುಳಿತಿತ್ತು. "ಮಗಳು ಬೆಂಗಳೂರಿನಿಂದ ತಂದದ್ದು ಮಾರಾಯ್ರೇ. ತರುವಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ದಿನಾ ನೀರು ಹಾಕಿದೆವು, ಎಲೆ ಒರೆಸಿದೆವು. ಆದರೂ ಹೀಗಾಯಿತು ನೋಡಿ" ಎಂದರು. ನಾವು ನಗಲಿಲ್ಲ. ಏಕೆಂದರೆ ನಾವೂ ಹಿಂದೊಮ್ಮೆ ಹದಿನಾಲ್ಕು ಗಿಡ ತಂದು ಒಂದೇ ಮಳೆಗಾಲದಲ್ಲಿ ಹನ್ನೊಂದನ್ನು ಕಳೆದುಕೊಂಡವರು. ಹೋದದ್ದು ಗಿಡ ಮಾತ್ರವಾಗಿದ್ದರೆ ಈ ಪತ್ರಿಕೆಯ ಪುಟವನ್ನು ಅದಕ್ಕೆ ವ್ಯಯ ಮಾಡುತ್ತಿರಲಿಲ್ಲ. ಅವುಗಳ ಹಿಂದೆಯೇ ನಮ್ಮ ಕಾಫಿ ನರ್ಸರಿಗೆ ಒಂದು ಪೀಡೆ ಇಳಿಯಿತು. ಅದನ್ನು ಮುಂದೆ ಹೇಳುತ್ತೇವೆ.

ಈಗ ನಮ್ಮ ಮನೆಗಳ ಜಗಲಿಯಲ್ಲೆಲ್ಲ ಈ ಗಿಡಗಳು ಕಾಣಿಸುತ್ತಿವೆ. ಸಕ್ಯುಲೆಂಟ್ ಎಂದರೆ ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗಿಡ. ಹೆಸರು ಹೊಸತಾದರೂ ಜಾತಿ ನಮಗೆ ಹೊಸತಲ್ಲ. ಎಲೆಯನ್ನು ಪುಸ್ತಕದ ನಡುವೆ ಇಟ್ಟರೂ ಅಂಚಿನಲ್ಲಿ ಮರಿ ಹಾಕುವ ಕಾಡುಬಸಳೆ ಇದೇ ಬಳಗದ್ದು. ಈ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತವೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲು ಬಿಸಿಲು ಬಿದ್ದಾಗ ಆ ಹುಳಿಯನ್ನು ಖರ್ಚು ಮಾಡಿ ಆಹಾರ ತಯಾರಿಸುತ್ತವೆ. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬುದನ್ನು ನಾಲಿಗೆಯಿಂದಲೇ ಕಂಡು ಬರೆದವರು ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್. ಅವರ ಪತ್ರ 1815ರಲ್ಲಿ ಅಚ್ಚಾಯಿತು. ನಮ್ಮ ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಅವರ ಉಸ್ತುವಾರಿಯಲ್ಲಿತ್ತು. ನಾವು ಬೆಳೆಯುವ ಅನಾನಸಿನದೂ ವೆನಿಲ್ಲಾದ್ದೂ ಇದೇ ಪದ್ಧತಿ. ಇಂಥ ಗಿಡಕ್ಕೆ ದಿನಾ ನೀರು ಹಾಕುವುದು ಉಂಡೆದ್ದವನಿಗೆ ಮತ್ತೆ ಎಲೆ ಹಾಕಿದಂತೆ.

ಇನ್ನು ಬಿಳುಪಿನ ಮಾತು. ಅಂಗಡಿಯವರು ಎಲ್ಲವನ್ನೂ 'ವೈಟ್' ಎಂದು ಒಂದೇ ಹೆಸರಿನಲ್ಲಿ ಮಾರುತ್ತಾರೆ. ಆದರೆ ಬಿಳುಪು ಮೂರು ಬಗೆಯದು: ಮೇಣದ ಬಿಳುಪು, ರೋಮದ ಬಿಳುಪು, ಹಸಿರಿಲ್ಲದ ಬಿಳುಪು. ಯಾವ ಬಗೆ ಎಂದು ತಿಳಿದರೆ ಸಾಕುವ ಕ್ರಮ ಅರ್ಧ ತಿಳಿದಂತೆಯೇ.

ಮೇಣದ ಬಿಳುಪಿಗೆ ಬೂದುಗುಂಬಳವನ್ನು ನೆನೆಸಿಕೊಳ್ಳಿ. ಬಲಿತ ಕಾಯಿಯ ಮೇಲೆ ಕೈಗೆ ಹತ್ತುವ ಬೂದಿ ಇದೆಯಲ್ಲ, ಅದು ಕಾಯಿ ತಾನೇ ಸ್ರವಿಸಿದ ಮೇಣ. ಅದು ಇರುವುದರಿಂದಲೇ ಅಟ್ಟದಲ್ಲಿ ತೂಗುಹಾಕಿದ ಕುಂಬಳ ತಿಂಗಳುಗಟ್ಟಲೆ ಕೆಡುವುದಿಲ್ಲ. ಎಕೆವೇರಿಯ, ಗ್ರಾಪ್ಟೊಪೆಟಾಲಮ್, ಪ್ಯಾಕಿಫೈಟಮ್ ಎಂಬ ಮೆಕ್ಸಿಕೊ ದೇಶದ ಗಿಡಗಳ ಎಲೆಯ ಮೇಲಿರುವುದೂ ಇಂಥ ಪುಡಿಯೇ. ಎತ್ತರದ ಒಣನಾಡಿನ ಕಡುಬಿಸಿಲನ್ನು ಅದು ಹಿಂದಕ್ಕೆ ತಳ್ಳುತ್ತದೆ. ಎಲೆಯ ನೀರು ಆರದಂತೆ ಕಾಯುತ್ತದೆ. ಕೆಸುವಿನ ಎಲೆಯ ಮೇಲಿನಂತೆ ಹನಿಯನ್ನು ಉರುಳಿಸಿಬಿಡುತ್ತದೆ. ಆದರೆ ಒಮ್ಮೆ ಬೆರಳು ತಾಗಿ ಅಳಿಸಿಹೋದರೆ ಬಲಿತ ಎಲೆಯಲ್ಲಿ ಅದು ಮೊದಲಿನಂತೆ ಮೂಡುವುದಿಲ್ಲ. ನಡುವಿನಿಂದ ಹೊಸ ಎಲೆ ಬರುವವರೆಗೆ ಆ ಬೆರಳ ಗುರುತು ಹಾಗೆಯೇ. ನಮ್ಮ ಸದಸ್ಯರ ಮನೆಯಲ್ಲಿ ದಿನಾ ಒರೆಸಿದ್ದು ಧೂಳನ್ನಲ್ಲ, ಗಿಡದ ಕೊಡೆಯನ್ನು.

ಈ ಗುಂಪಿನಲ್ಲಿ ಹೊಸಬರು ಮೊದಲು ಸಾಕಬೇಕಾದದ್ದು ಗ್ರಾಪ್ಟೊಪೆಟಾಲಮ್ ಪರಾಗ್ವಾಯೆನ್ಸ್. ಅಂಗಡಿಯಲ್ಲಿ 'ಗೋಸ್ಟ್ ಪ್ಲಾಂಟ್' ಎಂದು ಕೇಳಿ. ಹೆಸರಿನಲ್ಲಿ ಪರಾಗ್ವೆ ಇದ್ದರೂ ಇದರ ತವರು ಮೆಕ್ಸಿಕೊ. ಹೆಸರಿಟ್ಟವರು ಊರು ತಪ್ಪಿದ್ದರು. ಬೂದುಬಿಳಿ ಎಲೆ, ಬಿಸಿಲಿಗೆ ತುಸು ಗುಲಾಬಿ ಛಾಯೆ. ನಮ್ಮಲ್ಲಿ ಉಳಿದ ಮೂರು ಗಿಡಗಳಲ್ಲಿ ಎರಡು ಇದೇ. ಎಕೆವೇರಿಯ ಎಲೆಗನ್ಸ್ ತಾವರೆಯಂತೆ ಸುತ್ತು ಕಟ್ಟುವ ಚೆಂದದ ಗಿಡ, ಆದರೆ ಆ ಸುತ್ತಿನ ನಡುವೆ ನೀರು ನಿಂತರೆ ಕೊಳೆಯುತ್ತದೆ. ಎಕೆವೇರಿಯ ಎಂಬ ಹೆಸರು ಮೆಕ್ಸಿಕೊದ ಸಸ್ಯಚಿತ್ರಕಾರ ಅತನಾಸಿಯೊ ಎಚೆವೆರಿಯಾ ಅವರ ನೆನಪಿಗೆ ಇಟ್ಟದ್ದು. ಪ್ಯಾಕಿಫೈಟಮ್ ಓವಿಫೆರಮ್‌ನ ಎಲೆ ಹಲ್ಲಿಮೊಟ್ಟೆಯ ಹಾಗೆ ಗುಂಡಗೆ, ಬೆಳ್ಳಗೆ. ಮಕ್ಕಳು ಮುಟ್ಟದೆ ಬಿಡರು, ಮುಟ್ಟಿದರೆ ಎಲೆ ಕಳಚುತ್ತದೆ.

ಎಲ್ಲಕ್ಕಿಂತ ಬೆಳ್ಳಗಿನವು ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ಅದರ ದಕ್ಷಿಣದ ಮೆಕ್ಸಿಕೊ ಕರಾವಳಿಯ ಬಂಡೆಗಳಲ್ಲಿ ಬೆಳೆಯುವ ಡಡ್ಲಿಯಾಗಳು. ಕೆಲವು ಜಾತಿ ನಿಜಕ್ಕೂ ಸುಣ್ಣದ ಉಂಡೆಯೇ. ಇವನ್ನು ನಮ್ಮಲ್ಲಿ ತರಬೇಡಿ ಎಂದೇ ನಮ್ಮ ಸಲಹೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಆದ್ದರಿಂದ ಗಿಡವೂ ಬೇಸಿಗೆಯಲ್ಲಿ ಮಲಗುತ್ತದೆ. ನಮ್ಮ ಜೂನ್-ಜುಲೈ ಎಂದರೆ ಅದಕ್ಕೆ ನಿದ್ದೆಯಲ್ಲಿ ನೀರು ಸುರಿದಂತೆ. ಇನ್ನೊಂದು ಕಾರಣವೂ ಇದೆ. ಇವನ್ನು ಕಾಡಿನಿಂದ ಸಾವಿರಗಟ್ಟಲೆ ಕಿತ್ತು ಹೊರದೇಶಗಳಿಗೆ ಕದ್ದು ಸಾಗಿಸುವುದು 2018ರ ಸುಮಾರಿಗೆ ಬೆಳಕಿಗೆ ಬಂದು, 2021ರಲ್ಲಿ ಕ್ಯಾಲಿಫೋರ್ನಿಯ ಸರಕಾರ ಇದಕ್ಕಾಗಿಯೇ ಒಂದು ಕಾನೂನು ಮಾಡಿತು. ಶ್ರೀಗಂಧ ಕಳ್ಳರ ಕಾಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೋಮದ ಬಿಳುಪಿನವು ಮುಟ್ಟಿದರೆ ಮೆತ್ತಗೆ. ಮಡಗಾಸ್ಕರದ ಕಲಾಂಚೊ ಟೊಮೆಂಟೋಸ ನಮ್ಮ ಕಾಡುಬಸಳೆಯ ದಾಯಾದಿ. ಕರುವಿನ ಕಿವಿಯಂಥ ಎಲೆ, ಅಂಚಿನಲ್ಲಿ ಕಂದು ಚುಕ್ಕೆ. ಕಳ್ಳಿಗಳಲ್ಲಿ ಮ್ಯಾಮಿಲೇರಿಯಗಳು ಹತ್ತಿಯುಂಡೆಯಂತಿರುತ್ತವೆ. 'ಮುದುಕನ ಕಳ್ಳಿ' ಎನ್ನಬಹುದಾದ ಸೆಫಲೊಸೀರಿಯಸ್ ಸೆನಿಲಿಸ್‌ಗೆ ಉದ್ದ ನರೆಗೂದಲೇ ಇದೆ. ಆ ಕೂದಲೆಂದರೆ ರೂಪ ಬದಲಿಸಿದ ಮುಳ್ಳು. ರೋಮ ಹನಿಯನ್ನು ಉರುಳಿಸದು, ಹಿಡಿದಿಟ್ಟುಕೊಳ್ಳುತ್ತದೆ. ಒಣನಾಡಿನಲ್ಲಿ ಅದು ಗುಣ. ನಮ್ಮಲ್ಲಿ ವಾರಗಟ್ಟಲೆ ಮೋಡ ಕವಿದಾಗ ಒದ್ದೆ ಕಂಬಳಿ ಹೊದ್ದ ಹಾಗಾಗಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಇವಕ್ಕೆ ನೀರನ್ನು ಬುಡಕ್ಕೆ ಮಾತ್ರ, ಕುಂಡದ ಅಂಚಿನಿಂದ ಕೊಡಬೇಕು.

ಮೂರನೆಯದು ಪತ್ರಹರಿತ್ತೇ ಕಡಿಮೆಯಿರುವ ಬಿಳುಪು. 'ವೈಟ್ ಗೋಸ್ಟ್' ಎಂದು ಮಾರುವ ಯೂಫೋರ್ಬಿಯ ಲ್ಯಾಕ್ಟಿಯ ಇಂಥದ್ದು. ಅದರ ಹಾಲು ಕಣ್ಣಿಗೆ ತಾಗಬಾರದು. ಇದು ಮೇಣದ ಗಿಡಕ್ಕೆ ತದ್ವಿರುದ್ಧ. ಅಲ್ಲಿ ಬಿಳುಪೇ ಬಿಸಿಲಿಗೆ ಕವಚ, ಇಲ್ಲಿ ಕವಚವೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಆಹಾರ ತಯಾರಿಕೆಯೂ ಕಡಿಮೆಯಾದ್ದರಿಂದ ಬೆಳವಣಿಗೆ ಬಲು ನಿಧಾನ. ಸಂತೆಯಲ್ಲಿ ಮಾರುವ ಕೆಂಪು, ಹಳದಿ ಗುಂಡುಕಳ್ಳಿಯಲ್ಲಂತೂ ಹಸಿರೇ ಇಲ್ಲ. ಡ್ರ್ಯಾಗನ್ ಹಣ್ಣಿನ ಜಾತಿಯ ಹಸಿರು ಕಾಂಡಕ್ಕೆ ಕಸಿ ಕಟ್ಟಿರುವುದರಿಂದಷ್ಟೇ ಅದು ಬದುಕಿರುತ್ತದೆ.

ಈಗ ಸಾಕುವ ಕ್ರಮ. ಮಲೆನಾಡಿನಲ್ಲಿ ಮೊದಲ ಕೆಲಸ ಮಳೆಯನ್ನು ತಪ್ಪಿಸುವುದು, ಎರಡನೆಯದು ಗಾಳಿಯನ್ನು ಬಿಡುವುದು. ಎರಡೂ ಒಟ್ಟಿಗೆ ಬೇಕು. ಗಾಜಿನ ಕಿಟಕಿಯೊಳಗೆ ಮುಚ್ಚಿಟ್ಟರೆ ಮಳೆ ತಪ್ಪಿತು, ತೇವ ತಪ್ಪಲಿಲ್ಲ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆಯ ಚಪ್ಪರ ಇರುವವರು ಅದರ ಅಂಚಿನಲ್ಲಿ, ನೆಲದಿಂದ ಮೂರಡಿ ಎತ್ತರದ ಹಲಗೆಯ ಮೇಲೆ, ಪಕ್ಕ ತೆರೆದಿರುವಲ್ಲಿ ಇಡಬಹುದು. ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬೇಕು. ತೋಟದ ನೆರಳಿನಲ್ಲಿ ಇವು ಕುತ್ತಿಗೆ ಉದ್ದ ಮಾಡಿಕೊಂಡು ಬಿಳುಪು ಕಳೆದುಕೊಳ್ಳುತ್ತವೆ. ಆದರೆ ಮಳೆಗಾಲವೆಲ್ಲ ಮೋಡದಡಿ ಇದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಎಳೆಯಬೇಡಿ. ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ.

ಕುಂಡ ಮಣ್ಣಿನದಾಗಿರಲಿ, ಚಿಕ್ಕದಾಗಿರಲಿ, ತಳದಲ್ಲಿ ತೂತಿರಲಿ. ಎರಡು ಪಾಲು ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಳೆ ಗೊಬ್ಬರ, ಒಂದು ಹಿಡಿ ಇದ್ದಲಿನ ಚೂರು: ಇದು ನಮಗೆ ಒಗ್ಗಿಬಂದ ಮಿಶ್ರಣ. ತೆಂಗಿನ ನಾರಿನ ಪುಡಿ, ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ ಬೇಡ, ನೀರು ಹಿಡಿದಿಡುತ್ತವೆ. ಡಿಸೆಂಬರಿನಿಂದ ಮೇವರೆಗೆ ಮಣ್ಣು ಪೂರ್ತಿ ಒಣಗಿದ ಮೇಲೆ, ಸುಮಾರು ಹತ್ತು ದಿನಕ್ಕೊಮ್ಮೆ, ತಳದಿಂದ ಹರಿಯುವಷ್ಟು ನೀರು ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೊಂಬು ಒಳಗಿಡಿ. ಕೆಳಗಿನ ಎಲೆ ಸುಕ್ಕಾದರೆ ಮಾತ್ರ, ಗಾಳಿಯಾಡುವ ಒಂದು ದಿನ ನೋಡಿ ಅರ್ಧ ಲೋಟ. ಸುಕ್ಕಾದ ಎಲೆ ಬಾಯಾರಿಕೆಯ ಗುರುತು. ಗಾಜಿನಂತೆ ಪಾರದರ್ಶಕವಾದ, ಮೆತ್ತಗಿನ ಎಲೆ ಕೊಳೆಯ ಗುರುತು. ಇವೆರಡನ್ನೂ ಒಂದೇ ಎಂದು ತಿಳಿದು ಬಾಡಿದೆಯೆಂದು ನೀರೆರೆದು ಕೊಂದವರೇ ಹೆಚ್ಚು. ಅಡಿಕೆಗೆ ಬೋರ್ಡೊ ಹೊಡೆಯುವ ದಿನ ಇವನ್ನು ಒಳಗಿಡಿ. ಬಿಳಿ ಎಲೆಯ ಮೇಲೆ ಬಿದ್ದ ನೀಲಿ ಚುಕ್ಕೆಯನ್ನು ತೊಳೆಯಹೋದರೆ ಮೇಣವೂ ಹೋಗುತ್ತದೆ.

ಮರಿ ಮಾಡುವುದು ಸುಲಭ. ಮಳೆ ನಿಂತ ಮೇಲೆ ನವೆಂಬರಿನಲ್ಲಿ ಎಲೆಯನ್ನು ಬುಡದಿಂದ ಮೆಲ್ಲಗೆ ತಿರುಗಿಸಿ ಇಡಿಯಾಗಿ ಕಳಚಿ, ಗಾಯ ಒಣಗಲು ನಾಲ್ಕೈದು ದಿನ ನೆರಳಲ್ಲಿಟ್ಟು, ಬಳಿಕ ಒಣ ಮರಳಿನ ಮೇಲೆ ಮಲಗಿಸಿ. ಕೆಲವು ವಾರಗಳಲ್ಲಿ ಬುಡದಲ್ಲಿ ಬೇರೂ ಮರಿಯೂ ಕಾಣುತ್ತವೆ. ಗೋಸ್ಟ್ ಪ್ಲಾಂಟ್ ಹತ್ತರಲ್ಲಿ ಎಂಟಾದರೂ ಬಂದಿದೆ. ಡಡ್ಲಿಯಾ ಎಲೆಯಿಂದ ಬರುವುದಿಲ್ಲ.

ಇನ್ನು ನಾವು ಮೊದಲೇ ಹೇಳಿದ ಸಂಗತಿ. ಆ ಹದಿನಾಲ್ಕು ಕುಂಡಗಳನ್ನು ನಾವು ಬುದ್ಧಿಯಿಲ್ಲದೆ ನಮ್ಮ ಕಾಫಿ ನರ್ಸರಿಯ ಚಪ್ಪರದ ಹಲಗೆಯ ಮೇಲೆ ಇಟ್ಟಿದ್ದೆವು. ಒಂದೆರಡು ಗಿಡಗಳ ಎಲೆಸಂದಿಯಲ್ಲಿ ಬೆಳ್ಳಗೆ ಗಂಟು ಕಟ್ಟಿದ್ದನ್ನು ನೋಡಿ, ಬಿಳಿ ಗಿಡವಲ್ಲವೇ, ಅದರ ಪುಡಿಯೇ ಇರಬೇಕು ಎಂದುಕೊಂಡೆವು. ಫೆಬ್ರವರಿಯ ಹೊತ್ತಿಗೆ ಆ ಹಲಗೆಯ ಕೆಳಗಿನ ಸಾಲಿನ ರೊಬಸ್ಟಾ ಸಸಿಗಳ ಚಿಗುರಿನಲ್ಲಿ ಇರುವೆ ಹರಿದಾಡತೊಡಗಿತು. ಬಿಡಿಸಿ ನೋಡಿದರೆ ಹಿಟ್ಟು ತಿಗಣೆ. ಅದು ಆ ಕುಂಡದಿಂದಲೇ ಬಂತೆಂದು ಪ್ರಮಾಣ ಮಾಡಿ ಹೇಳಲಾರೆವು. ಆದರೆ ಮೊದಲು ಹತ್ತಿದ್ದು ಆ ಸಾಲಿಗೇ. ಇನ್ನೂರಕ್ಕೂ ಹೆಚ್ಚು ಸಸಿಗಳನ್ನು ಸುಟ್ಟೆವು. ಮನೆಯವರು ಎರಡು ದಿನ ಮಾತಾಡಲಿಲ್ಲ.

ಹಿಟ್ಟು ತಿಗಣೆಯ ಮೈಮೇಲಿರುವುದೂ ಮೇಣವೇ, ಆದ್ದರಿಂದ ಕಣ್ಣು ಮೋಸಹೋಗುತ್ತದೆ. ಗುರುತಿಸುವುದು ಹೀಗೆ: ಗಿಡದ ಪುಡಿ ಎಲೆಯ ಮೇಲೆಲ್ಲ ಸಮನಾಗಿ ಹರಡಿರುತ್ತದೆ, ಸಂದಿಯಲ್ಲಿ ಗಂಟು ಕಟ್ಟುವುದಿಲ್ಲ. ತಿಗಣೆ ಎಲೆಸಂದಿಯಲ್ಲಿ, ಎಲೆಯಡಿಯಲ್ಲಿ, ಹೂಗೊನೆಯಲ್ಲಿ ಹತ್ತಿಯಂತೆ ಕೂರುತ್ತದೆ. ಕಡ್ಡಿಯಿಂದ ಒತ್ತಿದರೆ ಜಿಗುಟು ರಸ ಬರುತ್ತದೆ. ಪಕ್ಕದಲ್ಲಿ ಅಂಟು, ಕಪ್ಪು ಬೂಷ್ಟು, ಇರುವೆ ಇದ್ದರೆ ಸಂಶಯವೇ ಬೇಡ. ಬೇರಿನಲ್ಲಿರುವ ಜಾತಿಗಳೂ ಇವೆ. ಕಾಫಿ, ಕಾಳುಮೆಣಸು ಎರಡರ ಬೇರಿಗೂ ಹಿಟ್ಟು ತಿಗಣೆ ಬೀಳುವುದು ತಮಗೆ ಗೊತ್ತೇ ಇದೆ. ಹೀಗಾಗಿ ಹೊಸ ಗಿಡ ಮನೆಗೆ ಬಂದೊಡನೆ ಕುಂಡದಿಂದ ಕಳಚಿ ಬೇರು ನೋಡಿ. ಹಳೆ ಮಣ್ಣನ್ನು ಗೊಬ್ಬರಗುಂಡಿಗೆ ಹಾಕದೆ ಕುದಿನೀರು ಸುರಿದು ದೂರ ಚೆಲ್ಲಿ. ಬೇರು ತೊಳೆದು ಮೂರು ನಾಲ್ಕು ದಿನ ನೆರಳಲ್ಲಿ ಒಣಗಿಸಿ ನೆಡಿ. ಕಾಫಿ ಸಸಿಗೆ ಹೀಗೆ ಮಾಡಿದರೆ ಸತ್ತೇಹೋಗುತ್ತದೆ, ಈ ಗಿಡಗಳು ತಡೆಯುತ್ತವೆ. ಆ ಮೇಲೆ ಒಂದು ತಿಂಗಳು ಕಾಫಿ, ಮೆಣಸಿನ ಸಸಿಗಳಿಂದ ದೂರ ಇಟ್ಟು ನೋಡಬೇಕು. ತಿಗಣೆ ಕಂಡರೆ ಸ್ಪಿರಿಟ್ ಅದ್ದಿದ ಸಣ್ಣ ಕುಂಚದಿಂದ ಒಂದೊಂದನ್ನೇ ತೆಗೆಯಿರಿ. ಸಾಬೂನು ನೀರು, ಬೇವಿನೆಣ್ಣೆ ಗಿಡವನ್ನು ಉಳಿಸಬಹುದು, ಬಿಳುಪನ್ನು ಉಳಿಸವು.

ಬೆಳ್ಳಗಿರುವುದೆಲ್ಲ ಶತ್ರುವೂ ಅಲ್ಲ. ಕಾಫಿ ಬೆಳೆಗೆಂದು 1898ರಲ್ಲಿ ಆಸ್ಟ್ರೇಲಿಯದಿಂದ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗೂ ಬಿಳಿ ಮೇಣದ ಎಳೆಗಳಿವೆ, ನೋಡಲು ತಿಗಣೆಯ ಅಣ್ಣನಂತೆ. ಆದರೆ ಅದು ತಿಗಣೆಯಷ್ಟು ಮಂದವಲ್ಲ, ಚುರುಕಾಗಿ ಓಡಾಡಿ ತಿಗಣೆಯನ್ನೇ ತಿನ್ನುತ್ತದೆ. ಅದನ್ನು ಕೊಲ್ಲಬೇಡಿ. 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಿದ ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಪುಟ್ಟ ಕಣಜವೂ ನಮ್ಮ ತೋಟಗಳಲ್ಲಿ ಇದೇ ಕೆಲಸಕ್ಕೆ ಬಂದಿದೆ.

ಇದನ್ನು ಉಪಕಸುಬು ಮಾಡಬಹುದೇ ಎಂದು ಕೆಲವು ಸದಸ್ಯರ ಮನೆಯ ಹೆಣ್ಣುಮಕ್ಕಳು ಕೇಳಿದ್ದಾರೆ. ಎಲೆಯಿಂದ ಮರಿ ಮಾಡಿ ಸಂತೆಯಲ್ಲೋ ಜಾತ್ರೆಯಲ್ಲೋ ಮಾರಿ ಕೈಖರ್ಚು ಗಳಿಸಬಹುದು. ಸಾಲ ಮಾಡಿ ಪಾಲಿಹೌಸ್ ಕಟ್ಟುವ ಮಾತಿಗೆ ಮಾತ್ರ ನಾವು ಸದ್ಯಕ್ಕೆ ಒಪ್ಪುವುದಿಲ್ಲ. 2004ರ ನಂತರ ವೆನಿಲ್ಲಾ ಬೆಲೆ ಬಿದ್ದಾಗ ಸಂಘದ ಸಾಲದ ಪುಸ್ತಕ ಹೇಗಿತ್ತೆಂದು ಹಿರಿಯ ಸದಸ್ಯರು ಬಲ್ಲರು. ಬಯಲುಸೀಮೆಯ ಒಣಹವೆಯಲ್ಲಿ ಸುಲಭವಾಗಿ ಬೆಳೆಯುವ ಗಿಡವನ್ನು ನಮ್ಮ ಮಳೆಯಲ್ಲಿ ಬೆಳೆದು ಬೆಲೆಯಲ್ಲಿ ಪೈಪೋಟಿ ಮಾಡುವುದು ಕಷ್ಟ.

ಒಂದು ಮಾತು ಬಿಟ್ಟುಹೋಯಿತು. ದನ, ಆಡು ಕಟ್ಟುವ ಕಡೆ ಕಲಾಂಚೊ ಜಾತಿಯ ಗಿಡಗಳನ್ನೂ, ಬೆಳ್ಳಿ ಎಲೆಯ ಕೊಟಿಲೆಡನ್ ಗಿಡವನ್ನೂ ಇಡಬಾರದು. ಕೊಟಿಲೆಡನ್ ತಿಂದು ಆಡು ಕುರಿಗಳು ಸಾಯುವುದು ಅದರ ತವರಾದ ದಕ್ಷಿಣ ಆಫ್ರಿಕದಲ್ಲಿ ಹಳೆಯ ಪಿಡುಗು.

ಗೋಸ್ಟ್ ಪ್ಲಾಂಟಿನ ಎಲೆ ಬೇಕಾದ ಸದಸ್ಯರು ನವೆಂಬರ್ ತಿಂಗಳ ಸಂತೆಯ ದಿನಗಳಲ್ಲಿ ಕಛೇರಿಗೆ ಬಂದರೆ ತಲಾ ಐದು ಎಲೆ ಉಚಿತವಾಗಿ ಕೊಡುತ್ತೇವೆ. ಕಾಗದದ ಪೊಟ್ಟಣ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ. ಮನೆಯಲ್ಲಿರುವ ಗಿಡದ ಮೇಲೆ ಸಂಶಯವಿದ್ದವರು ಒಂದು ಎಲೆಯನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ ತಂದು ತೋರಿಸಬಹುದು. ಕುಂಡವನ್ನೇ ಹೊತ್ತು ತರುವುದು ಬೇಡ, ಕಛೇರಿಯ ಹಿಂದೆಯೇ ಸಂಘದ ಮೆಣಸಿನ ಸಸಿಗಳಿವೆ.